ಶೋಧನೆಯ ಹೊತ್ತಿನಲ್ಲಿ ಮಗು ಯಾಕೆ ಬಾಯಿ ಬಿಡುವುದಿಲ್ಲ?

“ದಿನಾ ಕುಟುಂಬ ಪ್ರಾರ್ಥನೆ ಮಾಡ್ತೀವಿ, ಭಾನುವಾರದ ಆರಾಧನೆ ತಪ್ಪಿಸೋದಿಲ್ಲ. ಆದರೂ ಹೀಗ್ಯಾಕೆ ಮಾಡಿದ, ಮೇಡಂ?” ಕ್ರೈಸ್ತ ಮನೆಗಳಿಂದ ಆಪ್ತಸಮಾಲೋಚನೆಗೆ ಬರುವ ತಂದೆತಾಯಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ಮಗ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಇಟ್ಟುಕೊಂಡು ನೋಡಬಾರದ್ದನ್ನು ನೋಡಿರುತ್ತಾನೆ. ಮಗಳು ಟ್ಯೂಷನ್‌ಗೆಂದು ಹೇಳಿ ಬೇರೆಲ್ಲೋ ಹೋಗಿರುತ್ತಾಳೆ. ಆನ್‌ಲೈನ್ ಆಟಕ್ಕೆಂದು ಅಪ್ಪನ ಖಾತೆಯಿಂದ ಹಣ ಹೋಗಿರುತ್ತದೆ. ಇವರೇ ಸಂಡೇಸ್ಕೂಲಿನ ಕಂಠಪಾಠದಲ್ಲಿ ಬಹುಮಾನ ತಂದ ಮಕ್ಕಳು, ಕ್ರಿಸ್‌ಮಸ್ ನಾಟಕದಲ್ಲಿ ಕುರುಬರಾಗಿ, ದೇವದೂತರಾಗಿ ನಿಂತವರು. ನಡೆದ ತಪ್ಪಿಗಿಂತ ಹೆಚ್ಚಾಗಿ, ಒಂದೇ ಮಗುವಿನಲ್ಲಿ ಈ ಎರಡೂ ಇದ್ದುದು ಹೆತ್ತವರನ್ನು ಕಂಗೆಡಿಸುತ್ತದೆ.

ನಿಮ್ಮ ಪ್ರೀತಿಯಲ್ಲಾಗಲಿ ವಿಶ್ವಾಸದಲ್ಲಾಗಲಿ ನನಗೆ ಕೊರತೆ ಕಾಣುವುದಿಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ಆಸೆ ಸೆಳೆದ ಮೊದಲ ದಿನವೇ ಮಗು ನಿಮ್ಮ ಹತ್ತಿರ ಯಾಕೆ ಬರಲಿಲ್ಲ? ಮನೆಯವರಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ. ಅಷ್ಟು ದಿನವೂ ಮಗು ಒಂಟಿಯಾಗಿ ಅತ್ತಿರುತ್ತದೆ, ಪ್ರಾರ್ಥಿಸಿರುತ್ತದೆ, ಇನ್ನು ಮಾಡುವುದಿಲ್ಲ ಎಂದು ಆಣೆ ಇಟ್ಟು ಮುರಿದಿರುತ್ತದೆ. ಸೆಳೆತ ಎಲ್ಲ ಮಕ್ಕಳಿಗೂ ಬರುತ್ತದೆ. ಆದರೆ ಹೇಳಿಕೊಳ್ಳಲು ಯಾರೂ ಇಲ್ಲದ ಮಗುವಿನಲ್ಲಿ ಅದು ಬೇರು ಬಿಡುತ್ತದೆ. ಆದ್ದರಿಂದ ಮಗುವಿನ ಬಾಯನ್ನು ಯಾವುದು ಕಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ, ಏನು ಮಾಡಬೇಕೆಂಬುದು ಆಮೇಲೆ. ಒಳಗಿನಿಂದ ಸೆಳೆಯುವ ಆಸೆ, ಹೊರಗಿನಿಂದ ಬಂದೆರಗುವ ಕಷ್ಟ, ಎರಡಕ್ಕೂ ನಮ್ಮ ಸಭೆಗಳಲ್ಲಿ ಶೋಧನೆ ಎನ್ನುತ್ತೇವೆ. ಆಸೆಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ.

ಮಕ್ಕಳ ಜೊತೆ ಮಾತಿಗೆ ಕುಳಿತಾಗ ಬೇಗನೆ ಹೊರಬೀಳುವ ಒಂದು ನಂಬಿಕೆ ಇದೆ: ಕೆಟ್ಟ ಯೋಚನೆ ಬಂದ ಕ್ಷಣವೇ ಪಾಪವಾಗಿಹೋಯಿತು, ಒಳ್ಳೆಯ ಕ್ರೈಸ್ತರಿಗೆ ಇಂಥ ಯೋಚನೆಯೇ ಬರುವುದಿಲ್ಲ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿರುವುದಿಲ್ಲ. “ಥೂ, ನಮ್ಮ ಮನೆಯ ಮಕ್ಕಳು ಹಾಗೆಲ್ಲ ಯೋಚನೆ ಮಾಡೋದಿಲ್ಲ” ಎಂದು ಪಕ್ಕದ ಮನೆಯ ಹುಡುಗನ ಬಗ್ಗೆ ಊಟದ ಹೊತ್ತಿನಲ್ಲಿ ಆಡಿದ ಮಾತೇ ಪಾಠವಾಗಿರುತ್ತದೆ. ಹೀಗೆ ನಂಬಿದ ಮಗುವಿಗೆ ಹೇಳಿಕೊಳ್ಳುವ ಅವಕಾಶ ಶುರುವಿನಲ್ಲೇ ಮುಚ್ಚಿಹೋಗುತ್ತದೆ. ಸೆಳೆತ ಬಂದಿದೆ ಎಂದು ಹೇಳಿದರೂ ತಪ್ಪೊಪ್ಪಿಗೆಯಾಗುತ್ತದೆ ಎಂಬ ಭಯ ಅದಕ್ಕೆ.

ಸತ್ಯವೇದ ಹೇಳುವುದು ಹೀಗಲ್ಲ. ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯ ಒಂದು ಕ್ರಮವನ್ನು ಬಿಡಿಸಿ ತೋರಿಸುತ್ತದೆ. ಮನುಷ್ಯನನ್ನು ಅವನದೇ ಆಸೆ ಎಳೆಯುತ್ತದೆ, ಆ ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ, ಪಾಪ ಬಲಿತಾಗ ಮರಣ ಹುಟ್ಟುತ್ತದೆ. ಬಸಿರಿಗೂ ಹೆರಿಗೆಗೂ ನಡುವೆ ಕಾಲವಿದೆ. ನಾವು ಮಕ್ಕಳಿಗೆ ನೆರವಾಗಬಹುದಾದದ್ದು ಆ ನಡುವಿನ ಕಾಲದಲ್ಲೇ. ಇಬ್ರಿಯರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಯೇಸು ನಮ್ಮ ಹಾಗೆಯೇ ಎಲ್ಲ ಬಗೆಯಲ್ಲೂ ಶೋಧನೆಗೆ ಒಳಗಾದವನು, ಆದರೆ ಪಾಪ ಮಾಡದವನು ಎನ್ನುತ್ತದೆ. ಶೋಧನೆ ಬರುವುದೇ ಪಾಪವಾಗಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಹತ್ತು ಹನ್ನೊಂದು ವರ್ಷದ ಮಗುವಿಗೂ ಇದನ್ನು ನೇರವಾಗಿ ಹೇಳಬಹುದು: “ನಿನಗೆ ಬೇಡದ್ದನ್ನು ನೋಡಬೇಕು, ಮಾಡಬೇಕು ಅನ್ನಿಸೋದು ಪಾಪ ಅಲ್ಲ. ಯೇಸುಸ್ವಾಮಿಗೂ ಶೋಧನೆ ಬಂದಿತ್ತು. ಅನ್ನಿಸಿದಾಗ ಬಂದು ಹೇಳು, ಬೈಯೋದಿಲ್ಲ.”

ಬೇಡದ ಯೋಚನೆಯನ್ನು ಹತ್ತಿಕ್ಕಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗ ತೋರಿಸಿತು. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಲೇಬೇಡಿ, ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಬಳಿಕ ಯೋಚಿಸಲು ಅನುಮತಿ ಕೊಟ್ಟಾಗ, ಮೊದಲಿನಿಂದಲೇ ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು. ಹೊದಿಕೆಯೊಳಗೆ ಕಣ್ಣು ಬಿಗಿ ಮುಚ್ಚಿ “ಕರ್ತನೇ, ಈ ಯೋಚನೆ ಬರದಿರಲಿ” ಎಂದು ನೂರು ಸಲ ಬೇಡುವ ಮಗುವಿನ ಪಾಡು ಇದೇ. ಅದರ ಪ್ರಾರ್ಥನೆಯಲ್ಲಿ ನಂಬಿಕೆ ಕಡಿಮೆಯಾಗಿಲ್ಲ. ಗಮನವೆಲ್ಲ ಬೇಡದ ವಸ್ತುವಿನ ಮೇಲೇ ನಿಂತುಬಿಟ್ಟಿದೆ, ಅಷ್ಟೇ.

ಇದಕ್ಕೆ ವಯಸ್ಸಿನ ಸ್ವಭಾವವೂ ಸೇರುತ್ತದೆ. ಮಿದುಳಿನ ಮುಂಭಾಗಕ್ಕೆ, ಅಂದರೆ ತಡೆದು ನಿಲ್ಲಿಸುವ, ಮುಂದಾಗುವುದನ್ನು ಎಣಿಸುವ ಭಾಗಕ್ಕೆ, ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನ ವಯಸ್ಸಾಗಬೇಕು. ಹೊಸತನಕ್ಕೆ, ಖುಷಿಗೆ, ಗೆಳೆಯರ ಮೆಚ್ಚುಗೆಗೆ ಮಿಡಿಯುವ ಭಾಗಗಳು ಹರೆಯ ಶುರುವಾಗುತ್ತಿದ್ದಂತೆಯೇ ಚುರುಕಾಗುತ್ತವೆ. ಈ ನಡುವಿನ ವರ್ಷಗಳಲ್ಲಿ ಮಗುವಿಗೆ ದೊಡ್ಡವರ ತಡೆಶಕ್ತಿ ಎರವಲಾಗಿ ಬೇಕು. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆಯೂ ಬೇಕು. ದಣಿದ, ಹಸಿದ ಮಿದುಳು ಮೊದಲು ಕಳೆದುಕೊಳ್ಳುವುದು ತಡೆಯುವ ಶಕ್ತಿಯನ್ನೇ.

ಸತ್ಯವೇದವೂ ದೇಹವನ್ನು ಮರೆತಿಲ್ಲ. ಅರಣ್ಯದಲ್ಲಿ ಶೋಧಕನು ಯೇಸುವಿನ ಹತ್ತಿರ ಬಂದದ್ದು 40 ದಿನಗಳ ಉಪವಾಸದ ಬಳಿಕ ಅವನು ಹಸಿದಿದ್ದಾಗ, ಮತ್ತು ಮೊದಲ ಮಾತು ತೆಗೆದದ್ದು ರೊಟ್ಟಿಯದು. ಈಜೆಬೆಲಳಿಗೆ ಹೆದರಿ ಓಡಿಹೋದ ಪ್ರವಾದಿ ಎಲೀಯನು ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಯುವುದೇ ಮೇಲು ಎಂದು ಬೇಡಿಕೊಂಡ ಪ್ರಸಂಗ ಒಂದನೆಯ ಅರಸುಗಳ 19ನೆಯ ಅಧ್ಯಾಯದಲ್ಲಿದೆ. ದೇವರು ಅವನಿಗೆ ಮೊದಲು ಬೋಧನೆ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೇವದೂತನು ಬಂದು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆಯಲ್ಲಿ ನೀರೂ ಇದ್ದವು. ತಿಂದು ಮತ್ತೆ ಮಲಗಿದ, ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಲಾಯಿತು. ಮಾತು ಬಂದದ್ದು ಎಷ್ಟೋ ದಿನಗಳಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಪರೀಕ್ಷೆಗಳು ಬರುವ ಹೊತ್ತು ಮತ್ತು ಲೆಂಟಿನ, ಕಥೋಲಿಕರು ತಪಸ್ಸುಕಾಲ ಎನ್ನುವ ದಿನಗಳು ಬಹುಪಾಲು ಒಟ್ಟಿಗೇ ಬೀಳುತ್ತವೆ. ರಾತ್ರಿ ಎರಡರವರೆಗೆ ಓದಿ, ಹರಕೆಯೆಂದು ಬೆಳಗಿನ ತಿಂಡಿಯನ್ನೂ ಬಿಟ್ಟ ಮಗು ಸಂಜೆ ರೇಗಿದರೆ ಅದನ್ನು ಅವಿಧೇಯತೆ ಎಂದು ಬರೆದಿಟ್ಟುಕೊಳ್ಳಬೇಡಿ. ತಟ್ಟೆ ಹಾಕಿ. ಈ ವಯಸ್ಸಿನ ಉಪವಾಸ ಊಟಕ್ಕಿಂತ ಮೊಬೈಲಿನದಾಗಿದ್ದರೆ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಇನ್ನು ವಾಕ್ಯದ ವಿಷಯ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗಿದೆ, ಏಕೆಂದರೆ ಹೆತ್ತವರಿಗೆ ಅತಿ ಹೆಚ್ಚು ಭರವಸೆ ಇರುವುದು ಇದರ ಮೇಲೆಯೇ. ವಾಕ್ಯ ಬಾಯಿಗೆ ಬಂದರೆ ಶೋಧನೆಯ ಹೊತ್ತಿನಲ್ಲಿ ಕಾಯುತ್ತದೆ ಎನ್ನುತ್ತೇವೆ. ಅರಣ್ಯದಲ್ಲಿ ಯೇಸು ಮೂರು ಸಲವೂ ವಾಕ್ಯದಿಂದಲೇ ಉತ್ತರ ಕೊಟ್ಟದ್ದು ನಿಜ. ಆದರೆ ಮತ್ತಾಯನು ಬರೆದ ಸುವಾರ್ತೆಯ ಅದೇ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನೂ ವಾಕ್ಯವನ್ನೇ ಎತ್ತಿ ಹೇಳುತ್ತಾನೆ. ದೇವಾಲಯದ ತುದಿಯಲ್ಲಿ ನಿಲ್ಲಿಸಿ 91ನೆಯ ಕೀರ್ತನೆಯ ಮಾತನ್ನು ಒಪ್ಪಿಸುತ್ತಾನೆ. ಹಾಗಿದ್ದ ಮೇಲೆ ಬಾಯಿಪಾಠವೊಂದೇ ಯಾರನ್ನೂ ಕಾಯದು. ಯಾರು, ಯಾವ ಹೊತ್ತಿನಲ್ಲಿ, ಯಾಕೆ ಆ ವಾಕ್ಯ ಎತ್ತಿದರು ಎಂಬುದು ಮುಖ್ಯವಾಗುತ್ತದೆ.

ನಮ್ಮ ಮನೆಗಳಲ್ಲಿ ವಾಕ್ಯ ಯಾವ ಹೊತ್ತಿನಲ್ಲಿ ಬರುತ್ತದೆ? ಪ್ರೀತಿಯಿಂದಲೇ, ಆದರೆ ಹೆಚ್ಚಾಗಿ ತಪ್ಪಾದ ಮೇಲೆ. ಸುಳ್ಳು ಸಿಕ್ಕಿಬಿದ್ದ ಕೂಡಲೇ ಸುಳ್ಳುಗಾರರ ಬಗ್ಗೆ ಇರುವ ವಾಕ್ಯ. ಎದುರು ಮಾತಾಡಿದ ಕೂಡಲೇ ತಂದೆತಾಯಿಯನ್ನು ಸನ್ಮಾನಿಸುವ ಆಜ್ಞೆ. ಹೀಗೆ ವರ್ಷಗಟ್ಟಲೆ ನಡೆದರೆ ಸತ್ಯವೇದ ಎಂದೊಡನೆ ಮಗುವಿಗೆ ಆರೋಪಪಟ್ಟಿಯೇ ಕಣ್ಣಮುಂದೆ ಬರುತ್ತದೆ. ರಾತ್ರಿ ಹತ್ತಿರ ಬಂದ ಆಸೆಯ ಎದುರು ಆ ವಾಕ್ಯ ನೆನಪಾದರೂ, ಅದರಲ್ಲಿ ಕೇಳುವುದು ದೇವರ ದನಿಯಲ್ಲ, ರೇಗಿದ ಅಪ್ಪನ ದನಿ.

ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು. ಒಂದು ಎಂಟನೆಯ ಅಧ್ಯಾಯದ್ದು, ಎರಡು ಆರನೆಯ ಅಧ್ಯಾಯದವು. ಆರನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ತೆರೆದು ನೋಡಿ. ಅದು ನೇರವಾಗಿ ಹೆತ್ತವರಿಗೆ ಹೇಳಿದ ಮಾತು. ಈ ವಾಕ್ಯಗಳನ್ನು ಮಕ್ಕಳಿಗೆ ಕಲಿಸಬೇಕಾದದ್ದು ಯಾವಾಗ ಎಂದು ಅಲ್ಲಿ ವಿವರವಾಗಿದೆ: ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ತಪ್ಪು ಸಿಕ್ಕಿದಾಗ ಎಂದು ಅಲ್ಲಿಲ್ಲ. ಅಧ್ಯಾಯದ ಕೊನೆಯ ಭಾಗದಲ್ಲಂತೂ ಮಗನೇ ಪ್ರಶ್ನೆ ಕೇಳುತ್ತಾನೆ, ಈ ವಿಧಿಗಳೆಲ್ಲ ಯಾಕೆ ಎಂದು. ತಂದೆ ಅದಕ್ಕೆ ಉತ್ತರವಾಗಿ ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ತಮ್ಮದೇ ಕಥೆ ಹೇಳಬೇಕು. ಅರಣ್ಯದಲ್ಲಿ ಹಸಿದು ನಿಂತವನ ಬಾಯಿಗೆ ಬಂದ ವಾಕ್ಯ ಇಂಥ ಅಧ್ಯಾಯದ್ದು. ಸ್ಕೂಟರಿನ ಹಿಂದೆ ಕುಳಿತ ಮಗಳಿಗೆ, ಸೊಪ್ಪು ಬಿಡಿಸಲು ಪಕ್ಕದಲ್ಲಿ ಕುಳಿತ ಮಗನಿಗೆ, ನೀವು ನಿಮ್ಮ ಹದಿನಾರನೆಯ ವಯಸ್ಸಿನಲ್ಲಿ ಯಾವುದಕ್ಕೆ ಸೋತಿರಿ, ಆಗ ಯಾವ ಮಾತು ನಿಮ್ಮನ್ನು ಹಿಡಿದು ನಿಲ್ಲಿಸಿತು ಎಂದು ಹೇಳುವುದು ಈ ಆಜ್ಞೆಯ ಪಾಲನೆಯೇ. ಕಂಠಪಾಠ ಬಿಡಬೇಕಾಗಿಲ್ಲ. ಕಲಿತ ವಾಕ್ಯಕ್ಕೆ ಮನೆಯ ಬದುಕಿನ ಒಂದು ನೆನಪು ಅಂಟಿಕೊಂಡಿರಬೇಕು.

ಬೆತ್ತದ ಪ್ರಶ್ನೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ, ಜ್ಞಾನೋಕ್ತಿಗಳಲ್ಲೇ ಇದೆಯಲ್ಲ ಎಂದು. ಇದೆ, ಕೆಲವು ವಚನಗಳಲ್ಲಿ. ಆದರೆ ಆ ಪುಸ್ತಕದ ಮೊದಲ ಒಂಬತ್ತು ಅಧ್ಯಾಯಗಳು ಬಹುಮಟ್ಟಿಗೆ ಮಗನನ್ನು ಕೂರಿಸಿಕೊಂಡು ತಂದೆ ಆಡಿದ ಮಾತು. ತಾಯಿಯ ಉಪದೇಶವನ್ನೂ ಅಲ್ಲಿ ನೆನೆಯಲಾಗಿದೆ. ಆ ತಂದೆ ಬರಿದೇ ಎಚ್ಚರಿಸಿ ಸುಮ್ಮನಾಗುವುದಿಲ್ಲ. ಮೊದಲನೆಯ ಅಧ್ಯಾಯದಲ್ಲಿ, ಕೆಟ್ಟ ಗೆಳೆಯರು ಕರೆಯಲು ಬಂದಾಗ ಯಾವ ಮಾತು ಆಡುತ್ತಾರೆ, ಎಲ್ಲರಿಗೂ ಒಂದೇ ಹಣದ ಚೀಲ ಇರಲಿ ಎಂದು ಹೇಗೆ ಆಸೆ ಹುಟ್ಟಿಸುತ್ತಾರೆ ಎಂಬುದನ್ನು ಅವರದೇ ಮಾತಿನಲ್ಲಿ ಆಡಿ ತೋರಿಸುತ್ತಾನೆ. ಏಳನೆಯ ಅಧ್ಯಾಯದಲ್ಲಿ ಕಿಟಕಿಯಿಂದ ಕಂಡ ದೃಶ್ಯ ಹೇಳುತ್ತಾನೆ: ಮುಸ್ಸಂಜೆ, ಬೀದಿಯ ಮೂಲೆ, ಅತ್ತ ತಿರುಗಿದ ತರುಣ, ಅವನಿಗೆ ಹೇಳಲಾಗುವ ಸಿಹಿಮಾತು. ಐದನೆಯ ಅಧ್ಯಾಯದಲ್ಲಿ, ಆ ಬಾಗಿಲ ಹತ್ತಿರವೂ ಹೋಗಬೇಡ ಎನ್ನುತ್ತಾನೆ. ಬಾಗಿಲಲ್ಲಿ ನಿಂತ ಮೇಲೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಕಷ್ಟ ಎಂದು ಅವನಿಗೆ ಗೊತ್ತು. ಅಷ್ಟು ವಿವರವಾಗಿ ಮಗನ ಜೊತೆ ಮಾತಾಡಿದ ತಂದೆಯ ಬೆತ್ತವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ತಮ್ಮ ಸಂಶೋಧನೆಗಳಲ್ಲಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ್ದೇ. “ಚೆನ್ನಾಗಿ ಇರುತ್ತೇನೆ” ಎಂಬ ಸಂಕಲ್ಪಕ್ಕಿಂತ, “ಹೀಗಾದರೆ ಹೀಗೆ ಮಾಡುತ್ತೇನೆ” ಎಂದು ಮೊದಲೇ ಕಟ್ಟಿಟ್ಟುಕೊಂಡ ತೀರ್ಮಾನ ಹೆಚ್ಚು ಕೆಲಸ ಮಾಡುತ್ತದೆ. ಆ ಕ್ಷಣ ಬಂದಾಗ ಮತ್ತೆ ಯೋಚಿಸಬೇಕಾಗುವುದಿಲ್ಲ. ಮಗನ ಜೊತೆ ಕುಳಿತು ಇದನ್ನು ಆಡಿ ನೋಡಬಹುದು:

“ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಯಾರಾದರೂ ಅಂಥ ವಿಡಿಯೊ ಹಾಕಿದರೆ ಏನ್ ಮಾಡ್ತೀಯ?”

“ನೋಡಲ್ಲ.”

“ಅದು ಸರಿ. ಕೈ ಏನು ಮಾಡುತ್ತೆ?”

ಹುಡುಗ ಯೋಚಿಸಿ, “ಮೊಬೈಲ್ ತಂದು ಹಾಲ್‌ನಲ್ಲಿ ಇಡ್ತೀನಿ” ಎಂದರೆ ಕೆಲಸ ಅರ್ಧ ಆದಂತೆ. “ಆಮೇಲೆ ‘ಅಪ್ಪಾ, ಬಾ’ ಅಂದರೆ ಸಾಕು, ಏನು ಅಂತ ಆ ರಾತ್ರಿ ಕೇಳೋದಿಲ್ಲ” ಎಂದು ನೀವು ಸೇರಿಸಿ. ಯೋಸೇಫನು ಪೋಟೀಫರನ ಮನೆಯಲ್ಲಿ ವಾದಕ್ಕೆ ನಿಲ್ಲದೆ ಬಟ್ಟೆ ಬಿಟ್ಟು ಓಡಿದ ಕಥೆಯನ್ನು ಆಗ ಹೇಳಿದರೆ ಅದು ಅವನ ಮನಸ್ಸಿಗೆ ನಾಟುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಪೌಲನು, ಎಲ್ಲ ಮನುಷ್ಯರಿಗೂ ಬರುವ ಶೋಧನೆಯೇ ನಿಮಗೂ ಬಂದಿದೆ, ದೇವರು ಅದರ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ಇಟ್ಟಿರುತ್ತಾನೆ ಎಂಬ ಅರ್ಥದ ಮಾತು ಬರೆದಿದ್ದಾನೆ. ಹದಿನಾಲ್ಕರ ಹುಡುಗನಿಗೆ ಆ ದಾರಿ ಎಷ್ಟೋ ರಾತ್ರಿ ಹಾಲ್‌ನಲ್ಲಿರುವ ಚಾರ್ಜರ್ ಆಗಿರಬಹುದು. ನಿಮ್ಮ ಮೊಬೈಲೂ ರಾತ್ರಿ ಅಲ್ಲೇ ಇರಲಿ. ಮಕ್ಕಳಿಗೊಂದು, ದೊಡ್ಡವರಿಗೊಂದು ನಿಯಮವಾದರೆ ಅದು ಶಿಕ್ಷೆಯಂತೆ ಕಾಣುತ್ತದೆ.

ಒಮ್ಮೆ ಗೆದ್ದರೆ ಮುಗಿಯಿತು ಎಂದೂ ಹೇಳಬೇಡಿ. ಲೂಕನ ಸುವಾರ್ತೆಯ ಪ್ರಕಾರ ಅರಣ್ಯದಲ್ಲಿ ಸೋತ ಸೈತಾನನು ಯೇಸುವನ್ನು ಬಿಟ್ಟುಹೋದದ್ದು ತಕ್ಕ ಸಮಯ ಬರುವ ತನಕ ಮಾತ್ರ. ಯುವಜನ ಶಿಬಿರದಲ್ಲಿ ಕಣ್ಣೀರಿಟ್ಟು ತೀರ್ಮಾನ ಮಾಡಿ ಬಂದ ಮಗು ತಿಂಗಳೊಳಗೆ ಮತ್ತೆ ಜಾರಿದಾಗ, ಶಿಬಿರದ ಕಣ್ಣೀರೇ ಸುಳ್ಳಾಗಿತ್ತೇನೋ ಎಂದು ತನ್ನನ್ನೇ ಅನುಮಾನಿಸುತ್ತದೆ. ಆ ಕಣ್ಣೀರು ನಿಜವಾದದ್ದೇ, ಸೆಳೆತ ಮತ್ತೆ ಬರುವುದೂ ಸಹಜವೇ ಎಂದು ಮೊದಲೇ ತಿಳಿಸಿದ್ದರೆ ಆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಜಾರಿದ ಮೇಲೆ ಏನು? ಇಲ್ಲಿ ಮನೋವಿಜ್ಞಾನದ ಒಂದು ಭೇದ ತಿಳಿದಿರುವುದು ಒಳ್ಳೆಯದು. “ನಾನು ಮಾಡಿದ್ದು ತಪ್ಪು” ಎಂಬುದು ಪಶ್ಚಾತ್ತಾಪದ ಭಾವ. ಅದು ಸರಿಪಡಿಸುವ ಕಡೆಗೆ ನಡೆಸುತ್ತದೆ. “ನಾನೇ ಕೆಟ್ಟವನು” ಎಂಬುದು ನಾಚಿಕೆಯ ಭಾವ. ಅದು ಬಚ್ಚಿಟ್ಟುಕೊಳ್ಳುವ ಕಡೆಗೆ ನೂಕುತ್ತದೆ. ಏದೆನಿನ ತೋಟದಲ್ಲಿ ಆದಾಮನು ಮರಗಳ ನಡುವೆ ಅಡಗಿದ್ದು ಈ ಎರಡನೆಯದರಿಂದ. ದೇವರು ಕೇಳಿದ ಮೊದಲ ಪ್ರಶ್ನೆ ಅವನು ಎಲ್ಲಿದ್ದಾನೆ ಎಂಬುದು. ಏನು ಮಾಡಿದೆ ಎಂಬುದು ಆಮೇಲೆ ಬಂತು. “ನಮ್ಮ ಮನೆತನದ ಮರ್ಯಾದೆ ತೆಗೆದೆ, ಪಾಸ್ಟರಿಗೆ ಮುಖ ಹೇಗೆ ತೋರಿಸೋದು?” ಎಂಬ ಮಾತು ನೋವಿನಿಂದಲೇ ಬರುತ್ತದೆ, ಆದರೆ ಮಗುವನ್ನು ಮರಗಳ ನಡುವೆ ಇನ್ನೂ ಒಳಕ್ಕೆ ಕಳಿಸುತ್ತದೆ.

ಪೇತ್ರನ ಪ್ರಸಂಗವನ್ನು ನಾನು ಹೆತ್ತವರಿಗೆ ಮತ್ತೆ ಮತ್ತೆ ಓದಲು ಹೇಳುತ್ತೇನೆ. ಅವನು ಬೀಳುವ ಮೊದಲೇ ಯೇಸು ಅವನಿಗಾಗಿ ಪ್ರಾರ್ಥಿಸಿದ್ದ. ನೀನು ತಿರುಗಿಬಂದ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂಬರ್ಥದ ಮಾತನ್ನೂ ಆಗಲೇ ಹೇಳಿದ್ದ. ಅಂದರೆ ಬೀಳುವ ಸುದ್ದಿಯ ಜೊತೆಗೇ ಹಿಂತಿರುಗುವ ಸುದ್ದಿಯೂ ಪೇತ್ರನ ಕಿವಿಗೆ ಬಿದ್ದಿತ್ತು. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ ಅವನು ಮೂರು ಸಲ ಯೇಸುವನ್ನು ಅರಿಯೆನೆಂದ. ಪುನರುತ್ಥಾನದ ಬಳಿಕ ತಿಬೇರಿಯ ಸಮುದ್ರದ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ರಾತ್ರಿಯಿಡೀ ಬಲೆ ಬೀಸಿ ದಣಿದವರಿಗೆ ಮೊದಲು ಊಟ. ಊಟವಾದ ಮೇಲೆ ಪ್ರಶ್ನೆ. ಯಾಕೆ ಹಾಗೆ ಮಾಡಿದೆ ಎಂಬ ಪ್ರಶ್ನೆಯಲ್ಲ, ನನ್ನ ಮೇಲೆ ಪ್ರೀತಿ ಇದೆಯೇ ಎಂಬ ಪ್ರಶ್ನೆ, ಅದೂ ಮೂರು ಸಲ. ಮೂರನೆಯ ಸಲಕ್ಕೆ ಪೇತ್ರನಿಗೆ ದುಃಖವಾಯಿತು ಎಂದು ಯೋಹಾನನು ಬರೆದಿದ್ದಾನೆ. ಅಂದರೆ ವಿಷಯವನ್ನು ಮುಚ್ಚಿಹಾಕಲಿಲ್ಲ, ನೋಯುವಷ್ಟು ಹತ್ತಿರದಿಂದ ಮುಟ್ಟಲಾಯಿತು. ಆದರೆ ಪ್ರತಿ ಉತ್ತರಕ್ಕೂ ಹಿಂದೆಯೇ ಒಂದು ಹೊಣೆ ಬಂತು, ಕುರಿಗಳನ್ನು ಮೇಯಿಸುವ ಹೊಣೆ. ಸುಳ್ಳು ಹೇಳಿ ಸಿಕ್ಕಿಬಿದ್ದ ಮಗಳಿಗೆ ನಾವು ಮಾಡುವುದು ಇದಕ್ಕೆ ತದ್ವಿರುದ್ಧ: ಮೊದಲು ವಿಚಾರಣೆ, ಊಟ ಆಮೇಲೆ, ಕೊಟ್ಟಿದ್ದ ಹೊಣೆಗಳೆಲ್ಲ ವಾಪಸು. ಮೊಬೈಲಿಗೆ ಮಿತಿ ಹಾಕಿ, ಹೋದ ಹಣವನ್ನು ಮನೆಗೆಲಸ ಮಾಡಿ ತುಂಬಿಕೊಡಲು ಹೇಳಿ. ಆದರೆ ಸಂಡೇಸ್ಕೂಲಿನ ಚಿಕ್ಕ ಮಕ್ಕಳಿಗೆ ಹಾಡು ಕಲಿಸುವ ಕೆಲಸ ಅವಳದಾಗಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ.

ನೀವು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೂ ಇದರ ಭಾಗ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಮುಂದೆ ಮಿಠಾಯಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಎಂದು ಹೇಳಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಕೆಲವು ಮಕ್ಕಳಿಗೆ ಚಿತ್ರ ಬಿಡಿಸುವ ಒಳ್ಳೆಯ ಸಾಮಗ್ರಿ ತರುತ್ತೇವೆಂದು ಹೇಳಿ ತಂದುಕೊಟ್ಟಿದ್ದರು, ಇನ್ನು ಕೆಲವರಿಗೆ ಹೇಳಿ ತರದೆ ಬಂದಿದ್ದರು. ಮಾತು ಉಳಿಸಿಕೊಂಡ ದೊಡ್ಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸ ಹೋದವರು ಸುಮಾರು 3 ನಿಮಿಷ. ಆಸೆಯನ್ನು ತಡೆಯುವ ಬಲಕ್ಕೆ ದೊಡ್ಡವರ ಮೇಲಿನ ನಂಬಿಕೆಯೂ ಬೇಕು. “ಬೈಯೋದಿಲ್ಲ, ಹೇಳು” ಎಂದು ಹೇಳಿಸಿ, ಕೇಳಿದ ಮೇಲೆ ಬೈದರೆ, ಮಗು ಇನ್ನೊಮ್ಮೆ ಹೇಳಲಾರದು. ಅದು ಹೇಳಿದ್ದನ್ನು ಪ್ರಾರ್ಥನಾಕೂಟದಲ್ಲಿ ಹೆಸರು ಹೇಳಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುವುದು ಕೂಡ ಮಾತು ಮುರಿದಂತೆಯೇ. ಕಥೋಲಿಕ ಮನೆಗಳಲ್ಲಿ ಪಾಪನಿವೇದನೆ ಇದೆ, ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಆ ಗೌರವ ಮಗುವಿನ ಗುಟ್ಟಿಗೆ ಮನೆಯಲ್ಲೂ ಸಲ್ಲಬೇಕು.

ಇನ್ನು ಹೊರಗಿನಿಂದ ಬರುವ ಕಷ್ಟ. ಪರೀಕ್ಷೆಯಲ್ಲಿ ಫೇಲಾಗುವುದು, ಅಪ್ಪನ ಕೆಲಸ ಹೋಗುವುದು, ಅಜ್ಜಿಯ ಸಾವು, ಶಾಲೆಯಲ್ಲಿ ಧರ್ಮದ ಹೆಸರು ಹಿಡಿದು ಗೇಲಿ. ಇಂಥ ಹೊತ್ತಿನಲ್ಲಿ ಮಕ್ಕಳ ಬಾಯಿ ಕಟ್ಟುವ ನಂಬಿಕೆ ಇನ್ನೊಂದು ಬಗೆಯದು: ನಾನೇನೋ ಮಾಡಿದ್ದಕ್ಕೆ ದೇವರು ಶಿಕ್ಷೆ ಕೊಟ್ಟಿದ್ದಾನೆ. ಹತ್ತು ವರ್ಷದೊಳಗಿನ ಮಕ್ಕಳು ಮನೆಯ ಕಷ್ಟಕ್ಕೆಲ್ಲ ತಾವೇ ಕಾರಣ ಎಂದು ಯೋಚಿಸುವುದು ಸಾಮಾನ್ಯ. ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಜನ ಕಷ್ಟದಲ್ಲಿ ಧರ್ಮವನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಬಹುಕಾಲ ಅಧ್ಯಯನ ಮಾಡಿದವರು. ದೇವರು ಜೊತೆಗಿದ್ದಾನೆ ಎಂದು ಒರಗಿಕೊಳ್ಳುವವರು ಹೆಚ್ಚಾಗಿ ಚೇತರಿಸಿಕೊಳ್ಳುತ್ತಾರೆ. ದೇವರು ದಂಡಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ಓದಿಕೊಳ್ಳುವವರಲ್ಲಿ ಖಿನ್ನತೆ, ಆತಂಕ ಹೆಚ್ಚು ಕಾಣುತ್ತವೆ. ವಿಶ್ವಾಸ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಅದು ಯಾವ ಬಗೆಯದು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಈ ಮಾತು ಎಷ್ಟು ತಾಯಂದಿರ ಹೊರೆ ಇಳಿಸಬಲ್ಲದು ಎಂಬುದನ್ನು ನಾನು ಕಂಡಿದ್ದೇನೆ. ಯೋಬನ ಮೂವರು ಗೆಳೆಯರೂ ನೆನಪಾಗುತ್ತಾರೆ. ಅವನ ಸಂಕಟ ಕಂಡು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತರು. ಬಾಯಿ ತೆರೆದು ಕಾರಣ ಹುಡುಕತೊಡಗಿದ ಮೇಲೆ ಕೆಟ್ಟಿತು. ಕಥೆಯ ಕೊನೆಗೆ ದೇವರಿಗೆ ಕೋಪ ಬಂದದ್ದು ದೂರಿದ ಯೋಬನ ಮೇಲಲ್ಲ, ವಿವರಣೆ ಕೊಟ್ಟ ಗೆಳೆಯರ ಮೇಲೆ. ಅಜ್ಜಿ ತೀರಿಕೊಂಡ ವಾರ “ದೇವರ ಚಿತ್ತ, ಅಳಬಾರದು” ಎಂದು ಮಗುವಿಗೆ ಹೇಳಬೇಡಿ. ಪಕ್ಕದಲ್ಲಿ ಕುಳಿತು ಅಜ್ಜಿಯ ಸೀರೆ ಮಡಚಿಡುವುದಕ್ಕೆ ಮಗುವನ್ನೂ ಸೇರಿಸಿಕೊಳ್ಳಿ, ಅಳು ಬಂದರೆ ಇಬ್ಬರೂ ಅಳಿ.

ಪ್ರಾರ್ಥನೆಯಲ್ಲಿ ದೂರಲು ಕೂಡ ಮಗುವಿಗೆ ಅನುಮತಿ ಇದೆ. 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಿನವು. 13ನೆಯದು ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುತ್ತ ಶುರುವಾಗುತ್ತದೆ. 88ನೆಯದು ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿ ಉಳಿದಿದೆ. ಕುಟುಂಬ ಪ್ರಾರ್ಥನೆಯಲ್ಲಿ ಸ್ತೋತ್ರದ ಮಾತು ಮಾತ್ರ ಕೇಳಿ ಬೆಳೆದ ಮಗುವಿಗೆ ಇಂಥ ಕೀರ್ತನೆಯೊಂದನ್ನು ಓದಿ ತೋರಿಸಿ, “ನಿನಗೂ ಹೀಗೆ ಅನ್ನಿಸಿದೆಯಾ?” ಎಂದು ಕೇಳಿ.

ಒಂದು ವಿಷಯವನ್ನು ಮಾತ್ರ ಶೋಧನೆ ಎಂದು ಕರೆಯಲೇಬಾರದು. ದೊಡ್ಡವರು ಯಾರಾದರೂ ಮಗುವನ್ನು ಪುಸಲಾಯಿಸಿದ್ದರೆ, ಮುಟ್ಟಬಾರದಂತೆ ಮುಟ್ಟಿದ್ದರೆ, ಚಿತ್ರ ಕಳಿಸು ಎಂದು ಹೆದರಿಸಿದ್ದರೆ, ಅಲ್ಲಿ ಮಗುವಿನ ಪಾಪವೇನೂ ಇಲ್ಲ. ಅದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಆ ವ್ಯಕ್ತಿ ನೆಂಟನಾಗಿರಲಿ ಸಭೆಯ ಹಿರಿಯನಾಗಿರಲಿ, ಕ್ಷಮಿಸಿಬಿಡು ಎಂದು ಮಗುವಿಗೆ ಹೇಳುವುದು ವಿಶ್ವಾಸದ ಪಾಠವಲ್ಲ. ಪೊಲೀಸರಿಗೆ ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ನಿದ್ದೆ ಊಟ ತಪ್ಪಿದ್ದರೆ, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ಒಂದೇ ಪ್ರಾರ್ಥನೆಯನ್ನು ಗಂಟೆಗಟ್ಟಲೆ ತಿರುತಿರುಗಿ ಹೇಳುತ್ತಿದ್ದರೆ ವೈದ್ಯರನ್ನು ಕಾಣಿ. ಈ ಕೊನೆಯದನ್ನು ಅತಿಯಾದ ಭಕ್ತಿ ಎಂದು ಬಿಟ್ಟುಬಿಡುತ್ತೇವೆ, ಅದು ಗೀಳುರೋಗದ, ಅಂದರೆ ಬೇಡದ ಯೋಚನೆ ಬಿಡದೆ ಕಾಡುವ ಕಾಯಿಲೆಯ, ಲಕ್ಷಣವಾಗಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸಾಯಬೇಕು ಎಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯುವಂತಿಲ್ಲ, ಅವತ್ತೇ ಹೋಗಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು. ವೈದ್ಯರ ಹತ್ತಿರ ಹೋದರೆ ವಿಶ್ವಾಸ ಕಡಿಮೆಯೆಂದು ಸಭೆಯಲ್ಲಿ ಯಾರಾದರೂ ಅಂದರೆ, ಪೌಲನು ಪ್ರಿಯ ವೈದ್ಯನೆಂದು ಕರೆದದ್ದು ಲೂಕನನ್ನು ಎಂದು ನೆನಪಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ನಿಮ್ಮ ಮೊಬೈಲಿನಲ್ಲಷ್ಟೇ ಅಲ್ಲ, ಮಗುವಿನ ಕಣ್ಣಿಗೆ ಬೀಳುವ ಕಡೆಯೂ ಬರೆದು ಅಂಟಿಸಿ, ಯಾವಾಗ ಬೇಕಾದರೂ ನಮ್ಮನ್ನು ಕೇಳದೆ ಕರೆ ಮಾಡಬಹುದು ಎಂದು ಹೇಳಿಡಿ.